ಮಣ್ಣು ಮೆಟ್ಟಿ ನಿಂತ ಖಲಾಸಿಗಳು

ಪೆರ್ಲದ ಕಡೆಯ ಅಜ್ಜಿಯೊಬ್ಬರು ಎರಡು ಬಸ್ಸು ಬದಲಿಸಿ ಉಪ್ಪಳಕ್ಕೆ ಬಂದು, ನನ್ನ ಕ್ಲಿನಿಕ್ಕಿನಲ್ಲಿ ಸರದಿಗೆ ಕಾದು ಕೂತವರನ್ನೆಲ್ಲ ದಾಟಿ ಒಳಗೆ ನುಗ್ಗಿ, ಹಿಂದಿನ ದಿನವಷ್ಟೇ ಒಯ್ದಿದ್ದ ಹೊಸ ಹಲ್ಲಿನ ಸೆಟ್ಟಿನ ಡಬ್ಬವನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಡಾಕ್ಟ್ರೇ, ಹಲ್ಲಿನ ಒಟ್ಟಿಗೆ ಒಬ್ಬ ಗಂಡಸು ಬಂದಿದ್ದಾನೆ," ಎಂದರು.

ಮುಚ್ಚಳ ತೆಗೆದು ನೋಡಿದೆ. ಮೇಲಿನ ದವಡೆಗೂ ಕೆಳಗಿನ ದವಡೆಗೂ ನಡುವೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ತವರದ ಮನುಷ್ಯ ಮಲಗಿದ್ದ. ತಲೆಗೆ ಮುಂಡಾಸು, ಸೊಂಟಕ್ಕೆ ತುಂಡು ಬಟ್ಟೆ, ಕೈಯಲ್ಲಿ ಸೌಟು.

"ನನ್ನ ಮೊಮ್ಮಕ್ಕಳಿಗೆ ಮಕ್ಕಳಾಯ್ತು. ಇನ್ನು ನನಗೆ ಎಂತಕ್ಕೆ ಗಂಡಸು? ನೀವೇ ಇಟ್ಟುಕೊಳ್ಳಿ," ಎಂದು ಅಜ್ಜಿ ಹಲ್ಲು ಮಾತ್ರ ತೆಗೆದುಕೊಂಡರು.

ಹೊರಗೆ ಕಾದಿದ್ದವರೆಲ್ಲ ನಗುತ್ತಿದ್ದರು. ನಾನು ಒಳಗಿನ ಕೋಣೆಯತ್ತ ತಿರುಗಿ ಕೂಗಿದೆ. ಒಳಗಿನಿಂದ ನಾಚಿಕೆಯ ಸುಳಿವೂ ಇಲ್ಲದ ಧ್ವನಿ ಬಂತು. "ಸಿಕ್ಕಿದನಾ? ಅವನು ಭಂಡಾರಿ, ಹಡಗಿನ ಅಡಿಗೆಯವ. ನಿನ್ನೆಯಿಂದ ಹುಡುಕ್ತಾ ಇದ್ದೇನೆ ಮಾರಾಯ್ರೇ, ಮಂಜಿಯಲ್ಲಿ ಯಾರಿಗೂ ಊಟ ಇಲ್ಲ."

ಒಳಗಿನ ಕೋಣೆಯವರನ್ನು ಉಪ್ಪಳದಲ್ಲಿ ಎಲ್ಲರೂ ಹಲ್ಲಿನಣ್ಣ ಎಂದೇ ಕರೆಯುತ್ತಿದ್ದರು. ನಾನು ಹಲ್ಲು ಕೀಳುವವಳು, ಅವರು ಹಲ್ಲು ಕಟ್ಟುವವರು. ನಾನು ಬಾಯಿಯ ಅಚ್ಚು ತೆಗೆದು ಕೊಟ್ಟರೆ ಅವರು ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿ ಕಲಸಿ ಒಸಡು ಎರೆದು, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ಟು ಮಾಡುತ್ತಿದ್ದರು. ಕೆಲಸ ಸುಮಾರು ಚೆನ್ನಾಗಿಯೇ ಇರುತ್ತಿತ್ತು. ಆದರೆ ಲೋಕದಲ್ಲಿ ಗಡಿಯಾರ ಎಂಬುದೊಂದಿದೆ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಸೆಟ್ಟು ಯಾವಾಗ ಆಗುತ್ತದೆ ಎಂದು ಕೇಳಿದರೆ "ನಾಡ್ದು" ಎನ್ನುತ್ತಿದ್ದರು. ಅವರ ಆ ನಾಡ್ದು ಯಾವ ಕ್ಯಾಲೆಂಡರಿನಲ್ಲೂ ಸಿಕ್ಕುತ್ತಿರಲಿಲ್ಲ. ಮಗಳ ಮದುವೆಗೆ ಹಲ್ಲು ಬೇಕೆಂದವರು ಮಗಳ ಬಾಣಂತನಕ್ಕೆ ಹಲ್ಲು ಹಾಕಿಕೊಂಡು ಹೋದದ್ದುಂಟು. ಬೈಗುಳ ತಿನ್ನುವ ಪಾಳಿ ನನ್ನದು. ತಿಂದದ್ದನ್ನು ನಾನು ಬಡ್ಡಿ ಸೇರಿಸಿ ಒಳಗಿನ ಕೋಣೆಗೆ ದಾಟಿಸುತ್ತಿದ್ದೆ.

ಕಳೆದ ಮಳೆಗಾಲದ ಕೊನೆಗೆ ಅವರು ತೀರಿಕೊಂಡರು. ಈಗ ನನಗೆ ಸೆಟ್ಟು ಪಟ್ಟಣದ ದೊಡ್ಡ ಲ್ಯಾಬಿನಿಂದ ಬರುತ್ತದೆ, ಹೇಳಿದ ದಿನಕ್ಕೆ ಸರಿಯಾಗಿ ಬರುತ್ತದೆ. ಬೈಯಲು ಯಾರೂ ಇಲ್ಲದೆ ನನ್ನ ಬಾಯಿ ತುಕ್ಕು ಹಿಡಿದಿದೆ.

ಎತ್ತರದ ಆಳು ಅವರು. ಪೈವಳಿಕೆಯಿಂದ ದಿನಾ ಬೈಕಿನಲ್ಲಿ ಬರುತ್ತಿದ್ದರು. ಕುರ್ಚಿಯಲ್ಲಿ ಕೂತರೆ ಮೊಣಕಾಲು ಮೇಜಿನ ಅಡಿಗೆ ತಾಗಿ, ಮೇಜಿನ ಮೇಲಿದ್ದ ಹಲ್ಲುಗಳೆಲ್ಲ ಕಟಕಟ ಎನ್ನುತ್ತಿದ್ದವು. ಮೂಗಿನ ಮೇಲೆ ಒಂದು ಕನ್ನಡಕ, ಅದರ ಮುಂದೆ ಎಲ್ಲವನ್ನೂ ದೊಡ್ಡದಾಗಿ ತೋರಿಸುವ ಇನ್ನೊಂದು, ಹಣೆಯ ಮೇಲೆ ಮೂರನೆಯದು. ಆ ಮೂರನೆಯದನ್ನು ಅವರು ಸದಾ ಹುಡುಕುತ್ತಿದ್ದರು.

ಈ ತವರದ ಮನುಷ್ಯರ ಹುಚ್ಚು ಅವರಿಗೆ ಹಿಡಿದದ್ದು ಬಹರೈನಿನಲ್ಲಿ. ಅಲ್ಲಿ ಒಂದು ಹಲ್ಲಿನ ಲ್ಯಾಬಿನಲ್ಲಿ ಅವರ ಪಕ್ಕದ ಮೇಜಿನವ ಒಬ್ಬ ಮುದುಕ ಇಂಗ್ಲಿಷಿನವ. ಹಳೆಯ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಸಣ್ಣ ಗೊಂಬೆಗಳನ್ನಿಟ್ಟು ಆಡುವುದು ಅವನ ಚಟ. ಕವಡೆಯ ಬದಲು ದಾಳ, ಮನೆಗಳ ಬದಲು ಅಳತೆಯ ಟೇಪು. ಯಾವ ಹಡಗು ಎಷ್ಟು ದೂರ ಹೋಗಬೇಕು, ಗಾಳಿ ಯಾವ ಕಡೆಯಿಂದ, ಯಾರ ಗುಂಡು ಯಾರಿಗೆ ತಾಗಿತು ಎಲ್ಲಕ್ಕೂ ನಿಯಮ. ಆಟಕ್ಕೆ ಬರುವ ಪ್ರತಿಯೊಂದು ಗೊಂಬೆಗೂ ಆಡುವವನೇ ಬಣ್ಣ ಹಚ್ಚಬೇಕು. ರಜೆಯ ಶುಕ್ರವಾರ ಮಧ್ಯಾಹ್ನ ಇಬ್ಬರೂ ಆಡುತ್ತಿದ್ದರಂತೆ. ಇಂಗ್ಲಿಷಿನವ ಯಾವಾಗಲೂ ರಾಜನ ಹಡಗು, ನಮ್ಮವರು ಯಾವಾಗಲೂ ಕಡಲುಗಳ್ಳರು. ಒಂದು ದಿನವೂ ಗೆದ್ದದ್ದಿಲ್ಲ.

"ಸೋತದ್ದಕ್ಕೆ ಬೇಸರ ಇಲ್ಲ ಡಾಕ್ಟ್ರೇ," ಎನ್ನುತ್ತಿದ್ದರು, ಆ ಬೇಸರ ಮುಖದಲ್ಲಿ ಎದ್ದು ಕಾಣುತ್ತಿರುವಾಗಲೇ. "ಆದ್ರೆ ನಮ್ಮ ಊರಿನ ಮಂಜಿ ಒಂದು ಆ ಮೇಜಿನ ಮೇಲೆ ಇದ್ದಿದ್ರೆ ಕಥೆ ಬೇರೆ ಆಗ್ತಿತ್ತು."

ಮಂಜಿ ಎಂದರೆ ನಮ್ಮ ಕರಾವಳಿಯ ಹಳೆಯ ಹಾಯಿಹಡಗು. ಪೋರ್ಚುಗೀಸರ ಕಾಲದಲ್ಲಿ ಅವರ ಪಾಸು ಇಲ್ಲದೆ ಕಡಲಲ್ಲಿ ಸರಕು ಸಾಗಿಸುವಂತಿರಲಿಲ್ಲ. ಪಾಸಿಲ್ಲದೆ ಅಕ್ಕಿ ತುಂಬಿಕೊಂಡು ಹೊರಟ ಒಂದು ಮಂಜಿ, ಅದನ್ನು ಹಿಡಿಯಲು ಬೆನ್ನಟ್ಟುವ ಪರಂಗಿಯವರ ಒಂದು ಹಡಗು. ಈ ಆಟವನ್ನು ಊರಿಗೆ ಬಂದು ಕಟ್ಟಬೇಕು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಆಡಬೇಕು, ಒಮ್ಮೆಯಾದರೂ ಗೆಲ್ಲಬೇಕು. ಬಹರೈನ್ ಬಿಟ್ಟು ಬರುವಾಗ ಅವರ ಮನಸ್ಸಿನಲ್ಲಿದ್ದದ್ದು ಇಷ್ಟೇ.

ಮಂಜಿಯ ಖಲಾಸಿಗಳನ್ನು, ಎಂದರೆ ಹಡಗಿನ ಆಳುಗಳನ್ನು, ಯಾವ ದೇಶದ ಕಂಪನಿಯೂ ಎರಕ ಹೊಯ್ಯುವುದಿಲ್ಲ. ಹಾಗಾಗಿ ಅವರು ಅಂಚೆಯಲ್ಲಿ ವಿಲಾಯತಿ ಕಡಲುಗಳ್ಳರನ್ನು ತರಿಸುತ್ತಿದ್ದರು. ಹಲ್ಲು ಕೊರೆಯುವ ಸಣ್ಣ ಚಕ್ರದಲ್ಲಿ ಅವರ ಟೊಪ್ಪಿ ಕತ್ತರಿಸಿ, ಒಸಡಿನ ಪ್ಲಾಸ್ಟಿಕ್ಕಿನಲ್ಲಿ ಮುಂಡಾಸು ಸುತ್ತಿ, ಬೂಟು ಉಜ್ಜಿ ಬರಿಗಾಲು ಮಾಡಿ, ಪ್ಯಾಂಟಿನ ಮೇಲೆ ಮುಂಡು ಉಡಿಸುತ್ತಿದ್ದರು. ಆಮೇಲೆ ಔಷಧಿಯ ಬಾಟಲಿಯ ಮುಚ್ಚಳಕ್ಕೆ ಮೇಣದಲ್ಲಿ ಅಂಟಿಸಿ, ಕಪ್ಪು ಬಣ್ಣ ಕೊಟ್ಟು, ಅದರ ಮೇಲೆ ಒಂದೊಂದೇ ತೆಳು ಪದರ. ಬಣ್ಣ ಗಂಜಿಯ ತಿಳಿಯಷ್ಟು ತೆಳ್ಳಗಿರಬೇಕು ಎನ್ನುವುದು ಅವರ ಶಾಸ್ತ್ರ. ದಪ್ಪ ಹಚ್ಚಿದರೆ ಮೂಗು ಮುಳುಗುತ್ತದಂತೆ. ಕೊನೆಗೆ ಕಂದು ನೀರು ಎರೆದರೆ ಬಟ್ಟೆಯ ಮಡಿಕೆಗಳಲ್ಲಿ ಇಳಿದು ತಾನೇ ನೆರಳಾಗುತ್ತದೆ. ಅವರ ಖಲಾಸಿಗಳಲ್ಲಿ ಒಬ್ಬನೂ ಬಾಯಿ ತೆರೆದಿರಲಿಲ್ಲ. ಯಾಕೆಂದು ಕೇಳಿದೆ.

"ಇಡೀ ದಿನ ಹಲ್ಲು ನೋಡ್ತೇನೆ ಡಾಕ್ಟ್ರೇ. ಇವರಾದ್ರೂ ಬಾಯಿ ಮುಚ್ಚಿಕೊಂಡಿರ್ಲಿ."

ಕಣ್ಣು ಎಲ್ಲಕ್ಕಿಂತ ಕೊನೆಗೆ. ನಾಲ್ಕು ಕೂದಲಿನ ಕುಂಚ ಹಿಡಿದು, ಉಸಿರು ಕಟ್ಟಿ, ಒಂದೊಂದು ಚುಕ್ಕೆ. ಆ ಹೊತ್ತಿಗೆ ಯಾರಾದರೂ ಬಾಗಿಲು ತಟ್ಟಿದರೆ ಮುಗಿಯಿತು. ನಾನು ಗೇಲಿ ಮಾಡುತ್ತಿದ್ದೆ. ನಾನು ಹಲ್ಲಿನ ಬೇರಿನೊಳಗೆ ಕೂದಲಿನಷ್ಟು ಸಣ್ಣ ಸೂಜಿ ಇಳಿಸುವವಳು, ಅದೂ ಅಲ್ಲಾಡುವ, ನರಳುವ, ಕೈ ಹಿಡಿದು ಎಳೆಯುವ ಮನುಷ್ಯರಿಗೆ. ಇವರ ಗಿರಾಕಿ ತುಟಿಪಿಟಕ್ಕೆನ್ನದೆ ನಿಂತಿರುತ್ತಾನೆ, ಇದರಲ್ಲಿ ಎಂತ ದೊಡ್ಡ ಕಸರತ್ತು?

"ನಿಮ್ಮವರು ನೋವಾದ್ರೆ ಒಮ್ಮೆ ಕೂಗಿ ಮನೆಗೆ ಹೋಗ್ತಾರೆ," ಎಂದರು ಅಣ್ಣ. "ಇವರು ತಪ್ಪಾದ್ರೆ ಜೀವಮಾನ ಇಡೀ ನಮ್ಮನ್ನು ನೋಡ್ತಾ ಇರ್ತಾರೆ."

ಗೊಂಬೆ ನಿಲ್ಲಲು ಅಡಿಗೆ ಒಂದು ಬಿಲ್ಲೆ ಬೇಕಲ್ಲ. ಅದಕ್ಕೆ ಅವರು ಎದುರಿನ ಹಾರ್ಡ್‌ವೇರ್ ಅಂಗಡಿಯ ಅಂದುಂಞಿ ಕಾಕನಿಂದ ಕಬ್ಬಿಣದ ವಾಷರು ತರುತ್ತಿದ್ದರು. ಕಾಕನಿಗೂ ಇವರಿಗೂ ಶಾಲೆಯಲ್ಲಿ ಒಂದೇ ಬೆಂಚು. ಒಬ್ಬರನ್ನೊಬ್ಬರು ಈಗಲೂ 'ನೀನು' ಎನ್ನುವಷ್ಟು ಸಲುಗೆ. ವಾಷರಿನ ಮೇಲೆ ಸಣ್ಣ ತೂತು ಕೊರೆದ ರಟ್ಟು, ಗೊಂಬೆಯ ಪಾದದಿಂದ ಒಂದು ತಂತಿಯ ಮೊಳೆ ಇಳಿಸಿ ಅದಕ್ಕೆ ಸಿಕ್ಕಿಸುವುದು, ಸುತ್ತ ಅಂಟು ಸವರಿ ಮಣ್ಣು ಉದುರಿಸುವುದು. ಈ ಮಣ್ಣಿನಲ್ಲೇ ಎಲ್ಲ ರಾದ್ಧಾಂತ ಆದದ್ದು.

ಹಡಗಿನವರ ಕಾಲಡಿಗೆ ಮಣ್ಣು ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ. ತನ್ನ ದೇಶಕ್ಕೆ ಮರಳಿದ್ದ ಆ ಇಂಗ್ಲಿಷಿನವನಿಗೂ ಅನಿಸಿತು. ಫೋನಿನಲ್ಲಿ ಫೋಟೋ ನೋಡಿ, ಹಡಗಿನವರು ಹಲಗೆಯ ಮೇಲೆ ನಿಲ್ಲಬೇಕು, ಅಂಗಳದ ಮೇಲಲ್ಲ ಎಂದು ಬರೆದ. ಅಣ್ಣ ಅವತ್ತು ಊಟ ಮಾಡಲಿಲ್ಲ. "ಮಂಜಿಯವ ಮಳೆಗಾಲ ನಾಲ್ಕು ತಿಂಗಳು ಎಲ್ಲಿರ್ತಾನೆ? ಮನೆಯಲ್ಲಿ! ಕಡಲಿಗೆ ಹೋದ್ರೂ ಅವನ ಕಾಲು ಇರುದು ಮನೆ ಅಂಗಳದಲ್ಲೇ. ಬಿಳಿಯರಿಗೆ ಎಂತ ಗೊತ್ತುಂಟು?" ಎಂದು ಸೆಟ್ಟು ಉಜ್ಜುವ ಯಂತ್ರವನ್ನು ಸುಮ್ಮನೆ ತಿರುಗಿಸಿದರು. ಬಹರೈನಿನಲ್ಲಿ ಹದಿನಾಲ್ಕು ವರ್ಷ ಇದ್ದವರ ಮಾತು ಅದು ಎಂದು ನಾನು ಆಮೇಲೆ ಯೋಚಿಸಿದೆ. ಆ ಹೊತ್ತಿಗೆ ನಾನು ಕೇಳಿದ್ದು ತಲಪಾಡಿಯ ಗಿರಾಕಿಯ ಕೆಳದವಡೆಯ ಸೆಟ್ಟು ಎಲ್ಲಿ ಎಂದು.

ಅವರ ಇನ್ನೊಂದು ಚಾಳಿ, ಮುಖಗಳನ್ನು ಊರಿನವರಿಂದಲೇ ಎತ್ತುವುದು. ಕಲ್ಪನೆಯಿಂದ ಬಿಡಿಸಿದರೆ ಎಲ್ಲರೂ ತನ್ನ ಮಾವನ ಹಾಗೆ ಕಾಣುತ್ತಾರೆ ಎಂಬ ದೂರು ಅವರದು. ಕಿಟಕಿಯಿಂದ ನೋಡಿ, ಮೀನು ಮಾರುವವನ ಮೂಗು, ಬಸ್ಸಿನ ಕಂಡಕ್ಟರನ ಗದ್ದ ಎಂದು ಅಷ್ಟಷ್ಟೇ ತಿದ್ದುತ್ತಿದ್ದರು. ಯಾರ ಮುಖವೋ ಅವರ ಮನೆಯ ಮಣ್ಣೇ ಅವನ ಕಾಲಡಿಗೆ ಆಗಬೇಕು. ಪೈವಳಿಕೆಯವನಿಗೆ ಮುರಕಲ್ಲಿನ ಕೆಂಪು ಪುಡಿ, ಕಡಲ ಬದಿಯವನಿಗೆ ಬಿಳಿ ಹೊಯ್ಗೆ, ಗದ್ದೆಯವನಿಗೆ ಕಪ್ಪು ಕೆಸರು ಒಣಗಿಸಿ, ಹೆಂಡತಿಯ ಚಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು.

ಅಂದುಂಞಿ ಕಾಕನ ಉಮ್ಮ ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದಾಗ ನೋಡಿದ್ದು ಇದನ್ನೇ. ಹಲ್ಲಿನಣ್ಣ ಬೈಕು ನಿಲ್ಲಿಸಿ, ಆಚೀಚೆ ನೋಡಿ, ಮನೆಯ ಬದಿಯಿಂದ ಹಿಂದಕ್ಕೆ ಹೋಗಿ, ಬಗ್ಗಿ, ಚಮಚದಲ್ಲಿ ಮಣ್ಣು ಕೆರೆದು, ಕಾಗದದಲ್ಲಿ ಪೊಟ್ಟಣ ಕಟ್ಟಿ, ಅದರ ಮೇಲೆ ಏನೋ ಬರೆದುಕೊಂಡು ಹೋದರು. ಮನುಷ್ಯನ ಕಾಲಡಿಯ ಮಣ್ಣು ಯಾರು ತೆಗೆಯುತ್ತಾರೆ, ಎಂತಕ್ಕೆ ತೆಗೆಯುತ್ತಾರೆ ಎಂದು ನಮ್ಮ ಕಡೆಯ ಯಾವ ಜಾತಿಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಮಾಟಕ್ಕೆ. ಅದಕ್ಕೆ ಸರಿಯಾಗಿ ಆ ವಾರ ಹಲ್ಲು ತೋರಿಸಲು ಬಂದಿದ್ದ ಕಾಕನ ಹೆಂಡತಿ ಒಳಗಿನ ಕೋಣೆಯಲ್ಲಿ ಇಣುಕಿ, ತನ್ನ ಗಂಡನದ್ದೇ ಮುಖದ ಒಂದು ಗೊಂಬೆ ಮೇಣದಲ್ಲಿ ನಿಂತಿರುವುದನ್ನೂ ಅದರ ಬಲಗಾಲಿನಿಂದ ಮೊಳೆ ಹೊರಬಂದಿರುವುದನ್ನೂ ಕಂಡು ಮನೆಯಲ್ಲಿ ಹೇಳಿದ್ದರು. ಅದೇ ವಾರ ಕಾಕನ ಮೊಣಕಾಲು ಹಿಡಿದುಕೊಂಡಿತ್ತು. ಬಲ ಮೊಣಕಾಲು.

ಮರುದಿನ ಉಮ್ಮ ರಿಕ್ಷಾ ಮಾಡಿಕೊಂಡು ಬಂದರು. ಹಿಂದೆ ಕುಂಟುತ್ತ ಕಾಕ. ನಾನೂ ಬ್ಯಾರಿಯವಳೇ ಆದ್ದರಿಂದ ನ್ಯಾಯ ಹೇಳುವ ಕುರ್ಚಿ ನನಗೇ ಬಂತು. ಉಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಖಾರ ಅರ್ಧಕ್ಕರ್ಧ ಕಡಿಮೆಯಾಗಿದೆ.

"ನನ್ನ ಕೈಯಿಂದ ಪತ್ತಿರಿ ತಿಂದು ಬೆಳೆದವ ನೀನು. ನನ್ನ ಮಗನ ಕಾಲಡಿಯ ಮಣ್ಣು ಎಂತಕ್ಕೆ ತೆಗೆದದ್ದು?"

ಅಣ್ಣ ಬೆವರಿದರು. ಮೂರೂ ಕನ್ನಡಕ ಜಾರಿದವು. ಒಳಗೆ ಹೋಗಿ, ಹಲ್ಲಿನ ಟ್ರೇಯಲ್ಲಿ ಖಲಾಸಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತಂದು ಉಮ್ಮನ ಮುಂದೆ ಇಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ಸಾಲಿನ ತುದಿಯಲ್ಲಿ ದಪ್ಪ ಹೊಟ್ಟೆಯ, ಬಿಳಿ ಗಡ್ಡದ ಒಬ್ಬ, ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಿದ್ದ. ಸಾಲ ಕೇಳಲು ಬರುವವರನ್ನು ಕಂಡಾಗ ಕಾಕ ನಿಲ್ಲುವುದು ಹಾಗೆಯೇ.

"ಇದು ನಾನಾ?" ಕಾಕ ಕೇಳಿದರು.

"ತಂಡೇಲ," ಎಂದರು ಅಣ್ಣ.

"ಹಾಗಂದ್ರೆ?"

"ಮಂಜಿಯ ಯಜಮಾನ. ಅವನು ಹೇಳಿದಲ್ಲಿಗೆ ಹಡಗು ಹೋಗುದು."

ಕಾಕನ ಬೆನ್ನು ನೆಟ್ಟಗಾಯಿತು. ಉಮ್ಮನ ಎದುರು ಅದನ್ನು ತೋರಿಸಿಕೊಳ್ಳಬಾರದೆಂದು ಕೆಮ್ಮಿದರು. ಆಮೇಲೆ ತಂಡೇಲನ ಕಾಲಡಿಯನ್ನು ಕಣ್ಣು ಕಿರಿದು ಮಾಡಿ ನೋಡಿ, "ಈ ಮಣ್ಣು ನಮ್ಮ ಮನೆಯ ಎಲ್ಲಿಂದ ತೆಗೆದದ್ದು ನೀನು?" ಎಂದರು.

"ಬಚ್ಚಲಿನ ಹಿಂದಿನಿಂದ. ಅಲ್ಲಿ ಮೆತ್ತಗೆ ಇತ್ತು."

ಕಾಕನಿಗೆ ನಿಜವಾದ ಸಿಟ್ಟು ಬಂದದ್ದು ಆಗ. "ತಂಡೇಲನನ್ನು ಬಚ್ಚಲು ನೀರಿನ ಮಣ್ಣಲ್ಲಿ ನಿಲ್ಲಿಸಿದ್ದೀಯಾ? ಎದುರಿಗೆ ಇಷ್ಟು ದೊಡ್ಡ ಅಂಗಳ ಉಂಟಲ್ಲ, ಕಣ್ಣಿಗೆ ಕಾಣ್ಲಿಲ್ವಾ ನಿನಗೆ? ಮೂರು ಕನ್ನಡಕ ಎಂತಕ್ಕೆ?"

ಅಷ್ಟರಲ್ಲಿ ಉಮ್ಮ ಗೊಂಬೆಯನ್ನು ಬೆಳಕಿಗೆ ಹಿಡಿದು, "ನನ್ನ ಮಗ ಇಷ್ಟು ಕಪ್ಪಾ?" ಎಂದು ಕೇಳಿದ್ದರಿಂದ ಮೊಕದ್ದಮೆ ಬೇರೆ ದಾರಿ ಹಿಡಿಯಿತು. ಮುಖ ಸ್ವಲ್ಪ ಬೆಳ್ಳಗೆ ಮಾಡುವುದು, ಮಣ್ಣು ಬದಲಿಸುವುದು ಎಂದು ರಾಜಿಯಾಯಿತು. ಹೋಗುವಾಗ ಉಮ್ಮ ಬಾಗಿಲಲ್ಲಿ ನಿಂತು ಒಂದು ಕಟ್ಟಳೆ ಹಾಕಿದರು. "ಇನ್ನು ಯಾರನ್ನು ಮಾಡುವುದಾದರೂ ಮಾಡು. ಆದರೆ ಅವರನ್ನು ಕೇಳದೆ ಕಣ್ಣು ಬಿಡಿಸಬೇಡ. ಕಣ್ಣು ಬಂದ ಮೇಲೆ ಅದು ನೋಡಲು ಶುರು ಮಾಡುತ್ತದೆ."

ಅಣ್ಣ ತಲೆಬಾಗಿ ಒಪ್ಪಿದರು, ಕೊನೆಯವರೆಗೂ ಪಾಲಿಸಿದರು. ಮರುದಿನ ಕಾಕ ಎದುರಿನ ಅಂಗಳದ ಮಣ್ಣನ್ನು ಒಂದು ಬಿಸ್ಕತ್ತಿನ ಡಬ್ಬ ತುಂಬ ತಂದು ಕೊಟ್ಟರು. ಬೇಕಾದದ್ದು ಒಂದು ಚಿಟಿಕೆ. ಮಳೆ ಬಿಟ್ಟ ಮೇಲೆ ಮೊಣಕಾಲು ಸರಿಯಾಯಿತು. ಮಣ್ಣು ಬದಲಿಸಿದ್ದರಿಂದಲೇ ಎಂದು ಉಮ್ಮ ಇವತ್ತಿಗೂ ಹೇಳುತ್ತಾರೆ.

ಈ ಸುದ್ದಿ ಊರಿಡೀ ಹಬ್ಬಿತು. ಅಲ್ಲಿಯವರೆಗೆ ಹಲ್ಲಿನಣ್ಣನಿಗೆ ಮರುಳು ಎನ್ನುತ್ತಿದ್ದವರೆಲ್ಲ ಈಗ ಪೊಟ್ಟಣ ಕಟ್ಟಿಕೊಂಡು ಬರತೊಡಗಿದರು. ಗಲ್ಫಿನಿಂದ ರಜೆಯಲ್ಲಿ ಬಂದವರು ವಿಮಾನ ಹತ್ತುವ ಮೊದಲು ಮಂಜಿ ಹತ್ತಬೇಕೆನ್ನುತ್ತಿದ್ದರು. ಅವರು ಹೋದ ಮೇಲೆ ಅಣ್ಣ ಫೋನು ಮಾಡಿ, "ಹಲೋ, ಇನ್ನು ನಿಮ್ಮ ಕಣ್ಣು ಬಿಡಿಸ್ಲಾ?" ಎಂದು ಅನುಮತಿ ಕೇಳುವುದನ್ನು ನನ್ನ ರೋಗಿಗಳು ಬಾಯಿ ತೆರೆದುಕೊಂಡೇ ಕೇಳುತ್ತಿದ್ದರು. ಹನ್ನೆರಡು ಮಂದಿಯ ಮಂಜಿ ಸ್ವಲ್ಪ ಸಮಯದಲ್ಲೇ ಮದುವೆ ದಿಬ್ಬಣದ ಬಸ್ಸಿನ ಹಾಗೆ ತುಂಬಿತು. ಅಕ್ಕಿ ಇಡಲು ಜಾಗ ಇಲ್ಲ ಎಂದು ಅಣ್ಣ ಗೊಣಗಿದರು. ಆದರೆ ಯಾರನ್ನೂ ಇಳಿಸಲಿಲ್ಲ.

ತೊಂದರೆ ಇದ್ದದ್ದು ಆಚೆ ಹಡಗಿನಲ್ಲಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವುದನ್ನು ನನ್ನಷ್ಟು ಸಲ ಹೇಳಿದವರು ಈ ತಾಲೂಕಿನಲ್ಲಿ ಇರಲಾರರು, ಆದರೆ ಅದು ಸರಿಯಾಗಿ ಒಪ್ಪುವುದು ಅಣ್ಣನಿಗೇ. ಮಂಜಿ ಇತ್ತು, ಪ್ಲೈವುಡ್ಡಿನ ಪರಂಗಿ ಹಡಗು ಇತ್ತು, ಕಡಲಿಗೆ ನೀಲಿ ಬೆಡ್‌ಶೀಟು ಇತ್ತು, ದಾಳ ಇತ್ತು, ಟೇಪು ಇತ್ತು. ಪರಂಗಿಯಾಗಿ ಎದುರಿಗೆ ಕೂರಲು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಮಂಜಿಯೇ ಬೇಕು. ಸರಕಾರಿ ಆಫೀಸಿಗೆ ಕೊಲ್ಲಂನಿಂದ ವರ್ಗವಾಗಿ ಬಂದ ಕ್ಲಾರ್ಕು ಒಬ್ಬರು ಹಲ್ಲು ಕ್ಲೀನು ಮಾಡಿಸಲು ಬಂದಾಗ ಅಣ್ಣ ಆಸೆಯಿಂದ, "ನೀವು ಹೇಗೂ ಹೊರಗಿನವರು. ಪರಂಗಿ ಆಗ್ತೀರಾ?" ಎಂದು ಕೇಳಿಬಿಟ್ಟರು. ಆ ಮನುಷ್ಯ ಆಮೇಲೆ ಹಲ್ಲು ನೋವಾದರೆ ಮಂಗಳೂರಿಗೆ ಹೋ‌ಗುತ್ತಾರೆ ಎಂದು ಕೇಳಿದ್ದೇನೆ.

ಒಂದು ಶುಕ್ರವಾರ ಜುಮಾ ಮುಗಿಸಿ ಕಾಕನೇ ಆಟಕ್ಕೆ ಕೂತರು. ತಂಡೇಲ ತಾನಾದ ಮೇಲೆ ಮಂಜಿ ತನ್ನದೇ ಎಂದರು. ಮಂಜಿ ಮಾಡಿದವ ನಾನು ಎಂದು ಅಣ್ಣ. ಕೊನೆಗೆ ಇಬ್ಬರೂ ಮಂಜಿಯ ಕಡೆಗೇ ಕೂತು, ಖಾಲಿ ಕುರ್ಚಿಯ ಎದುರು ದಾಳ ಹಾಕಿದರು. ಅದರಲ್ಲೂ ಕಾಕನದು ಅಂಗಡಿ ಬುದ್ಧಿ.

"ಮೂರು ಬಿತ್ತು ಅಲ್ವಾ? ನಾಲ್ಕು ಮಾಡು ಮಾರಾಯ, ಹಳೆ ಗಿರಾಕಿ ಅಲ್ವಾ ನಾನು."

ಅಣ್ಣ ನಾಲ್ಕು ಮಾಡಿದರು. ಗಾಳಿಯನ್ನೂ ಸ್ವಲ್ಪ ತಿರುಗಿಸಿದರು. ಮಂಜಿ ಯಾರೂ ಬೆನ್ನಟ್ಟದೆ ಮೇಜಿನ ಆಚೆ ತುದಿ ತಲುಪಿತು. ಕಾಕ ಗೆದ್ದೆನೆಂದು ಎದ್ದು ಹೋದರು. ಅಣ್ಣ ಬೆಡ್‌ಶೀಟು ಮಡಚುತ್ತ ನನ್ನನ್ನು ನೋಡಿ, "ಇದು ಗೆದ್ದದ್ದು ಅಲ್ಲ ಡಾಕ್ಟ್ರೇ. ಹಿಡಿಯುವವ ಇಲ್ಲದಿದ್ರೆ ತಪ್ಪಿಸಿಕೊಂಡದ್ದು ಹೇಗೆ ಆಗುದು?" ಎಂದರು. ಆ ಮುಖ ನೋಡಿ ನನಗೆ ಪಾಪ ಅನಿಸಿತು. ಆದರೂ ಕೆಳದವಡೆ ಎಲ್ಲಿ ಎಂದೇ ಕೇಳಿದೆ.

ನನ್ನದೂ ಒಂದು ಮುನಿಸು ಇತ್ತು. ಉಪ್ಪಳದ ಅರ್ಧ ಊರು ಮಂಜಿ ಹತ್ತಿತ್ತು, ದಿನಾ ಎದುರಿಗೆ ಇರುವ ನನ್ನನ್ನು ಯಾರೂ ಕರೆದಿರಲಿಲ್ಲ. ಒಂದು ದಿನ ನೇರ ಕೇಳಿದೆ.

"ಮಂಜಿಯಲ್ಲಿ ಹೆಂಗಸರು ಇರ್ಲಿಲ್ಲ ಡಾಕ್ಟ್ರೇ," ಎಂದರು, ಕುಂಚದಿಂದ ತಲೆ ಎತ್ತದೆ. "ಚರಿತ್ರೆ ಚರಿತ್ರೆಯೇ."

"ಒಸಡಿನ ಪ್ಲಾಸ್ಟಿಕ್ಕಿನ ಮುಂಡಾಸು ಚರಿತ್ರೆಯಲ್ಲಿ ಇತ್ತಾ ಅಣ್ಣ?"

ಅವರು ಕುಂಚವನ್ನು ಇನ್ನೊಮ್ಮೆ ಬಣ್ಣಕ್ಕೆ ಅದ್ದಿದರು. ಕಿವಿ ಮಾತ್ರ ಕೆಂಪಾಯಿತು. ನಾನು ಎರಡು ದಿನ ಅವರಿಗೆ ಚಾ ತರಿಸಲಿಲ್ಲ.

ಅವರು ಹೋದದ್ದು ಒಂದು ಸಣ್ಣ ಜ್ವರದಲ್ಲಿ. ಕೋಣೆಯಲ್ಲಿ ಮೂರು ಸೆಟ್ಟು ಬಾಕಿ ಇತ್ತು, ಮೂರಕ್ಕೂ ನಾಡ್ದು ಎಂದು ಹೇಳಿದ್ದರು. ಪೈವಳಿಕೆಯ ಅವರ ಮನೆಯಲ್ಲಿ ಅಂದುಂಞಿ ಕಾಕ ಅಂಗಳದ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತು, ಬಂದವರಿಗೆಲ್ಲ, "ನನ್ನನ್ನು ತಂಡೇಲ ಮಾಡಿದವ ಮಾರಾಯ್ರೇ," ಎಂದು ಹೇಳಿ ಹೇಳಿ ಅಳುತ್ತಿದ್ದರು. ಅರ್ಧ ಜನಕ್ಕೆ ಅದು ಅರ್ಥವಾಗಲಿಲ್ಲ, ಉಳಿದರ್ಧ ಜನ ಮಂಜಿಯವರೇ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಶುಕ್ರವಾರ ಅಣ್ಣನ ಹೆಂಡತಿ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಎರಡು ದೊಡ್ಡ ಸಿಹಿತಿಂಡಿ ಡಬ್ಬ.

"ಒಂದರಲ್ಲಿ ಮಂಜಿಯವರು. ಅದು ಕಾಕನಿಗೆ. ಇನ್ನೊಂದು ನಿಮಗೆ ಅಂತ ಹೇಳಿದ್ರು. ಮನೆಯಲ್ಲಿ ಇಟ್ರೆ ನನ್ನ ಚಾ ಜಾಲರಿ ನೆನಪಾಗ್ತದೆ ನನಗೆ," ಎಂದು ನಗಲು ಹೋಗಿ ಕಣ್ಣೊರಸಿಕೊಂಡರು.

ಕಾಕನನ್ನು ಕರೆಸಿದೆ. ಅವರ ಎದುರೇ ನನ್ನ ಡಬ್ಬ ತೆರೆದೆ. ಪರಂಗಿಗಳು. ಎಲ್ಲರಿಗೂ ಒಂದೇ ಕೆಂಪು ಮುಖ, ಒಂದೇ ಮೀಸೆ, ಕಾಲಡಿಗೆ ಬರಿ ಹಲಗೆ. ವೈರಿಗಳಿಗೆ ಊರಿನವರ ಮುಖ ಕೊಟ್ಟರೆ ನಾಳೆ ಅವರ ಮನೆಯವರೂ ರಿಕ್ಷಾ ಮಾಡಿಕೊಂಡು ಬಂದಾರೆಂಬ ಹೆದರಿಕೆ ಇರಬೇಕು. ಒಬ್ಬ ಮಾತ್ರ ಬೇರೆ. ಗರಿಯ ಟೊಪ್ಪಿ, ಎತ್ತಿ ಹಿಡಿದ ಕತ್ತಿ, ಹಡಗಿನ ಕಪ್ತಾನ. ಮೀಸೆ ಇರಲಿಲ್ಲ. ಗದ್ದದ ಕೆಳಗೆ ಹಸಿರು ಬಟ್ಟೆಯೊಂದು ಜಾರಿ ಕೂತಿತ್ತು, ನಾನು ಮಾಸ್ಕನ್ನು ಕೆಳಗೆಳೆದು ಬೈಯಲು ಶುರು ಮಾಡುವಾಗ ಇರುವ ಹಾಗೆ. ಎಡ ಹುಬ್ಬು ಮೇಲೆ. ಅಣ್ಣ ಮಾಡಿದ ಅಷ್ಟೂ ಮಂದಿಯಲ್ಲಿ ಬಾಯಿ ತೆರೆದಿದ್ದದ್ದು ಇದೊಂದೇ ಗೊಂಬೆ. ಒಳಗೆ ಹಲ್ಲು ಕೂಡ ಬಿಡಿಸಿದ್ದರು. ಕಾಲಡಿಗೆ ಹಲಗೆ ಅಲ್ಲ, ಮಣ್ಣು. ಗುಲಾಬಿ ಬಣ್ಣದ ಮಣ್ಣು. ಬೆರಳಲ್ಲಿ ಮುಟ್ಟಿ ನೋಡಿದೆ. ಅದು ಒಸಡಿನ ಪುಡಿ, ಅವರ ಮೇಜಿನ ಕೆಳಗೆ ಬಿದ್ದಿರುತ್ತಿದ್ದದ್ದು, ಗುಡಿಸುವುದಿಲ್ಲ ಎಂದು ನಾನು ದಿನಾ ರೇಗುತ್ತಿದ್ದದ್ದು.

ಕಣ್ಣು ಮಾತ್ರ ಇರಲಿಲ್ಲ.

"ನಿಮ್ಮ ಹತ್ರ ಕೇಳ್ಬೇಕಿತ್ತಲ್ಲ," ಎಂದರು ಕಾಕ ಮೆಲ್ಲಗೆ. "ಎರಡು ವರ್ಷ ಆಯ್ತು ಅದು ಮಾಡಿ. ದಿನಾ ಹೇಳ್ತಿದ್ದ, ಇವತ್ತು ಕೇಳ್ತೇನೆ, ಪರಂಗಿ ಆಗ್ತೀರಾ ಅಂತ. ನೀವು ಹಲ್ಲು ಎಲ್ಲಿ ಅಂತ ಬಾಗಿಲಲ್ಲಿ ನಿಂತ್ರೆ ಅವನ ಧೈರ್ಯ ಹೋಗ್ತಿತ್ತು. ನಾಡ್ದು ಕೇಳ್ತೇನೆ ಅಂತಿದ್ದ."

ನನಗೆ ಮೊದಲು ಬಂದದ್ದು ಸಿಟ್ಟು. ಕೇಳಿದ್ದರೆ ಬರುತ್ತಿದ್ದೆ ಮಾರಾಯ್ರೇ. ಬೈದುಕೊಂಡೇ ಬರುತ್ತಿದ್ದೆ, ಟೇಪು ಹಿಡಿದು ಕೂತು ಒಂದು ಇಂಚೂ ಬಿಡದೆ ಬೆನ್ನಟ್ಟುತ್ತಿದ್ದೆ. ಆ ಮನುಷ್ಯನಿಗೆ ಬೇಕಾಗಿದ್ದದ್ದು ಅಷ್ಟೇ. ಆಮೇಲೆ ಅಳು ಬಂತು. ಕಾಕನ ಎದುರು ಅಳುವುದು ಬೇಡವೆಂದು ಒಳಗಿನ ಕೋಣೆಗೆ ಹೋಗಿ, ಬಣ್ಣದ ಬಾಟಲಿ ಮತ್ತು ನಾಲ್ಕು ಕೂದಲಿನ ಕುಂಚ ಹುಡುಕಿ ತಂದೆ.

ಹೊರಗೆ ಕ್ಲಿನಿಕ್ಕಿನ ದೊಡ್ಡ ದೀಪ ಹಾಕಿ, ಕಪ್ತಾನನನ್ನು ಮುಚ್ಚಳಕ್ಕೆ ಮೇಣದಲ್ಲಿ ಅಂಟಿಸಿ, ಉಸಿರು ಕಟ್ಟಿದೆ. ಬಲಗಣ್ಣು ಸರಿಯಾಗಿ ಬಂತು. ಎಡಗಣ್ಣಿಗೆ ಬರುವಾಗ ಕೈ ಒಂದು ಕೂದಲಿನಷ್ಟು ಜಾರಿತು. ಕಪ್ತಾನ ಒಂದು ಕಣ್ಣಿನಿಂದ ಎದುರಿನ ಮಂಜಿಯನ್ನೂ ಇನ್ನೊಂದರಿಂದ ಒಳಗಿನ ಕೋಣೆಯ ಬಾಗಿಲನ್ನೂ ನೋಡತೊಡಗಿದ.

"ಪರಂಗಿಗೆ ಓರೆಗಣ್ಣು ಆಯ್ತಲ್ಲ ಡಾಕ್ಟ್ರೇ. ಒರಸಿ ಇನ್ನೊಮ್ಮೆ ಬಿಡಿಸಿ," ಎಂದರು ಕಾಕ.

"ಇರ್ಲಿ," ಎಂದೆ. "ಕಡಲು ಹಾಸಿ."

ಬೆಡ್‌ಶೀಟು ಹಾಸಿದೆವು. ಅಣ್ಣನ ಹೆಂಡತಿ ಕುರ್ಚಿ ಎಳೆದುಕೊಂಡು ನೋಡಲು ಕೂತರು. ಮಂಜಿ ಅಕ್ಕಿಯೂ ಊರೂ ತುಂಬಿಕೊಂಡು ಹೊರಟಿತು, ನಾನು ಹಿಂದಿನಿಂದ. ಗಾಳಿ ನನ್ನ ಕಡೆಗಿತ್ತು. ಕಾಕ ದಾಳವನ್ನು ಅಂಗೈಯಲ್ಲಿ ಕುಲುಕಿ, ಊದಿ, ಹಾಕಿದರು.

"ಎರಡು. ಮೂರು ಮಾಡಿ ಡಾಕ್ಟ್ರೇ."

"ಆಗುದಿಲ್ಲ ಕಾಕ."

"ಅವನು ಇದ್ದಿದ್ರೆ ಮಾಡ್ತಿದ್ದ."

"ಅವರು ಮಂಜಿಯವರು. ನಾನು ಪರಂಗಿ."

ಟೇಪು ಎಳೆದು ನನ್ನ ಹಡಗನ್ನು ಮುಂದಕ್ಕೆ ಸರಿಸಿದೆ. ಮಂಜಿಗೂ ನನಗೂ ನಡುವೆ ಒಂದು ಗೇಣು ಉಳಿಯಿತು. ಕಾಕ ಆ ಗೇಣನ್ನು ನೋಡಿದರು, ತಂಡೇಲನನ್ನು ನೋಡಿದರು, ಹೊರಗೆ ಅಂಗಡಿಯ ಕಡೆ ನೋಡಿದರು. ಗಿರಾಕಿ ಬಂದಿರಬಹುದು ಎಂದು ಎದ್ದೇಬಿಟ್ಟರು.

"ಉಳಿದದ್ದು ನಾಡ್ದು ಆಡುವ," ಎಂದರು.

ಆ ಮಾತನ್ನು ನಾನು ಆ ಕ್ಲಿನಿಕ್ಕಿನಲ್ಲಿ ಒಂದು ದಿನವೂ ಒಪ್ಪಿದವಳಲ್ಲ. ಅವತ್ತು ಆಗಲಿ ಎಂದೆ. ಹಡಗುಗಳನ್ನು ಇದ್ದಲ್ಲೇ ಬಿಟ್ಟು ದೀಪ ಆರಿಸಿದೆ.